ಬಡಾವಣೆಯ ಮನೆಯಲ್ಲಿ ಗಿಡುಗ ಸಾಕಬಹುದಾ? ಕೊಡಗಿನಲ್ಲಿ ನಿಯಮ ಏನಿದೆ?

ಹೊಳೆಬದಿ (ಕುಶಾಲನಗರ)

ಎಲ್ಲರಿಗೂ ನಮಸ್ಕಾರ. ನಮ್ಮ ಬಡಾವಣೆಯಲ್ಲಿ ಒಂದು ಸಮಸ್ಯೆ ಬಂದಿದೆ, ತಿಳಿದವರು ದಾರಿ ಹೇಳಿ.

ಪಕ್ಕದ ಬೀದಿಯ ಹುಡುಗನೊಬ್ಬ ತಾರಸಿ ಮೇಲೆ ಗಿಡುಗ ಸಾಕುತ್ತಿದ್ದಾನೆ. ಅವನ ಸೋದರಮಾವನ ಕಾಫಿ ತೋಟದಲ್ಲಿ ಮರಗಸಿ (ನೆರಳಿನ ಮರಗಳ ರೆಂಬೆ ಕಡಿಯುವುದು) ಮಾಡುವಾಗ ಗೂಡು ಕೆಳಗೆ ಬಿತ್ತಂತೆ. ಎರಡು ಮರಿ ಸತ್ತವು, ಒಂದು ಉಳಿಯಿತು. ಅದನ್ನು ಮನೆಗೆ ತಂದ. ಈಗ ರೆಕ್ಕೆ ಬಲಿತಿದೆ. ತಲೆಕೆಳಗಾಗಿ ಇಟ್ಟ ಟೊಮೆಟೊ ಕ್ರೇಟ್ ಮೇಲೆ ಕೂರಿಸಿ, ಒಂದು ಕಾಲಿಗೆ ನೈಲಾನ್ ದಾರ ಕಟ್ಟಿದ್ದಾನೆ. ಕೈಗೆ ವೆಲ್ಡಿಂಗ್ ಮಾಡುವವರ ಚರ್ಮದ ಗ್ಲೌಸ್ ಹಾಕಿಕೊಂಡು ಸಂಜೆ ಹೊತ್ತು ಅದನ್ನು ಕೈಮೇಲೆ ಕೂರಿಸಿಕೊಳ್ಳುತ್ತಾನೆ. ಅರಬ್ ದೇಶದ ವಿಡಿಯೋ ನೋಡಿ ಕಲಿತಿದ್ದಾನಂತೆ. ಬೀದಿಯ ಮಕ್ಕಳೆಲ್ಲ ಅಲ್ಲೇ.

ಹುಡುಗ ಒಳ್ಳೆಯವನು. ಹಕ್ಕಿ ಅಂದರೆ ಜೀವ. ಆದರೆ ಬೆಳಗಾದರೆ ಸಾಕು, ಕಾಗೆಗಳು ಗುಂಪುಗಟ್ಟಿ ಅದರ ಮೇಲೆ ಎರಗುತ್ತವೆ. ಅದು ಹಾರಲು ಹೋಗಿ ದಾರ ಎಳೆದು ಮುಗ್ಗರಿಸಿ ಬೀಳುತ್ತದೆ. ಪಕ್ಕದ ಮನೆಯವರು ಒಣಗಲು ಹಾಕಿದ ಬಟ್ಟೆ ಮೇಲೆಲ್ಲ ಹಿಕ್ಕೆ. ಕೋಳಿ ಅಂಗಡಿಯಿಂದ ತಂದ ಚರ್ಮ, ಕರುಳು ಅಲ್ಲೇ ಮೂಲೆಯಲ್ಲಿ ನಾರುತ್ತಿರುತ್ತದೆ. ಒಬ್ಬರು ಜಗಳಕ್ಕೇ ನಿಂತಿದ್ದಾರೆ.

ಭಾನುವಾರ ನಿವಾಸಿಗಳ ಸಂಘದ ಸಭೆ ಇದೆ. ಗೂಡು ಎಷ್ಟು ದೊಡ್ಡದಿರಬೇಕು, ಕಾಂಪೌಂಡಿನಿಂದ ಎಷ್ಟು ದೂರ ಇರಬೇಕು, ಮಕ್ಕಳನ್ನು ಹತ್ತಿರ ಬಿಡಬಹುದಾ ಅಂತ ನಾವೇ ಒಂದು ನಿಯಮ ಬರೆಯೋಣ ಅಂತ ಕೆಲವರು ಹೇಳುತ್ತಿದ್ದಾರೆ. ಅಮೆರಿಕದಲ್ಲಿ ಹಾಗೇ ಇದೆಯಂತೆ. ಪುರಸಭೆಯಿಂದ ಒಂದು ಅನುಮತಿ ಪತ್ರ ತಂದರೆ ಸಾಕಾ? ಹುಡುಗನಿಗೂ ನೋವಾಗಬಾರದು, ಹಕ್ಕಿಗೂ ತೊಂದರೆ ಆಗಬಾರದು. ಏನು ಮಾಡಲಿ?

ಮಂಜಿನಮನೆ (ಮಡಿಕೇರಿ)

ಅಕ್ಕ, ಫೋಟೋ ಇದ್ದರೆ ನೋಡಿ ಯಾವ ಹಕ್ಕಿ ಅಂತ ಹೇಳಬಹುದಿತ್ತು. ಪಾರಿವಾಳದಷ್ಟು ಗಾತ್ರ, ಎದೆ ಮೇಲೆ ಕಂದು ಗೀಟು, ಹಳದಿ ಕಣ್ಣು ಇದ್ದರೆ ಶಿಕ್ರಾ ಅನ್ನುವ ಸಣ್ಣ ಗಿಡುಗದ ಮರಿ ಇರಬೇಕು. ತೋಟದಲ್ಲಿ ಜಾಸ್ತಿ ಗೂಡು ಕಟ್ಟುವುದು ಅದೇ. ದೊಡ್ಡದಾದ ಮೇಲೆ ಬೆನ್ನು ಬೂದು ಬಣ್ಣಕ್ಕೆ ತಿರುಗುತ್ತದೆ, ಎದೆ ಮೇಲೆ ಸಣ್ಣ ಕೆಂಗಂದು ಅಡ್ಡಗೆರೆ ಬರುತ್ತವೆ.

ನಿಯಮ ನನಗೆ ಗೊತ್ತಿಲ್ಲ. ಆದರೆ ಫೋಟೋವನ್ನು ದಯವಿಟ್ಟು ಇಲ್ಲಿ ಹಾಕಬೇಡಿ, ಹುಡುಗನ ಮುಖ ಕಂಡರೆ ಸುಮ್ನೆ ಅವನಿಗೆ ತೊಂದರೆ.

ಹೊಳೆಬದಿ

ಹೌದು, ನೀವು ಹೇಳಿದ ಹಾಗೇ ಇದೆ. ಎದೆ ಮೇಲೆ ಗೀಟು, ಹಳದಿ ಕಣ್ಣು.

ಐನ್‌ಮನೆ_ಹುಡುಗ (ವಿರಾಜಪೇಟೆ)

ನನ್ನ ಅಭಿಪ್ರಾಯ ಬೇರೆ. ಆ ಮರಿಯನ್ನು ನೆಲದಲ್ಲೇ ಬಿಟ್ಟಿದ್ದರೆ ನಾಯಿಯೋ ಕಾಡುಬೆಕ್ಕೋ ತಿನ್ನುತ್ತಿತ್ತು. ಉಳಿಸಿದವನನ್ನೇ ಅಪರಾಧಿ ಮಾಡುವುದು ಯಾವ ನ್ಯಾಯ?

ಗಿಡುಗ ಪಳಗಿಸುವುದು ನಮ್ಮ ನಾಡಿಗೆ ಹೊಸದೇನೂ ಅಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲಿ ಬರೆಸಿದ ಮಾನಸೋಲ್ಲಾಸದಲ್ಲಿ ಗಿಡುಗದ ಬೇಟೆಗೇ ಒಂದು ಭಾಗ ಇದೆ. ಯುನೆಸ್ಕೊ 2010ರಲ್ಲೇ ಇದನ್ನು ಪರಂಪರೆ ಅಂತ ಪಟ್ಟಿಗೆ ಸೇರಿಸಿತು. ಕೊಡವರಿಗೆ, ಜಮ್ಮಾ ಭೂಮಿ ಇರುವವರಿಗೆ ಕೋವಿ ಲೈಸೆನ್ಸಿನಿಂದ ವಿನಾಯಿತಿಯೇ ಇದೆ, 2029ರವರೆಗೆ ಮುಂದುವರಿಸಿದ್ದಾರೆ. ಕೋವಿ ಇಟ್ಟುಕೊಳ್ಳಲು ನಂಬುವ ಸರ್ಕಾರ ಒಂದು ಹಕ್ಕಿ ಇಟ್ಟುಕೊಳ್ಳಲು ಯಾಕೆ ನಂಬಬಾರದು? ನಿಯಮ ಮಾಡಿ, ತರಬೇತಿ ಕೊಡಿ, ಪರೀಕ್ಷೆ ಇಡಿ. ಒಟ್ಟಾರೆ ಬೇಡ ಅನ್ನುವುದು ಸರಿಯಲ್ಲ.

ಹಳೆ_ಫಾರೆಸ್ಟರ್ (ಸೋಮವಾರಪೇಟೆ)

ನಾನು ಕಾಡಿನ ಕೆಲಸದಲ್ಲಿ ನಿವೃತ್ತನಾದವನು. ಸ್ವಲ್ಪ ಉದ್ದ ಬರೆಯುತ್ತೇನೆ. ಇಲ್ಲಿ ಅರ್ಧ ಮಾಹಿತಿ ಹೋದರೆ ಒಬ್ಬ ಹುಡುಗನ ಭವಿಷ್ಯಕ್ಕೆ ಕಲ್ಲು ಬೀಳುತ್ತದೆ.

ಮೊದಲು ತಂಗಿಯ ಪ್ರಶ್ನೆಗೆ ಉತ್ತರ. ಪುರಸಭೆ, ಗ್ರಾಮ ಪಂಚಾಯಿತಿ, ನಿವಾಸಿಗಳ ಸಂಘ, ಇವರ್ಯಾರಿಗೂ ಈ ಅನುಮತಿ ಕೊಡುವ ಅಧಿಕಾರ ಇಲ್ಲ. ಕೋಳಿ, ದನ, ನಾಯಿ ವಿಷಯ ಬೇರೆ. ಗಿಡುಗ ಕಾಡುಪಕ್ಷಿ. ಅದಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅನ್ವಯಿಸುತ್ತದೆ. ನೀವು ಸಭೆಯಲ್ಲಿ ಕೂತು ಗೂಡಿನ ಅಳತೆ ಬರೆದರೆ, ಕಾನೂನು ಬೇಡ ಅಂದಿದ್ದಕ್ಕೆ ಸಂಘವೇ ಒಪ್ಪಿಗೆ ಕೊಟ್ಟ ಹಾಗಾಗುತ್ತದೆ. ಆ ಕಾಗದ ನಾಳೆ ನಿಮ್ಮನ್ನೇ ಸಿಕ್ಕಿಸುತ್ತದೆ.

2022ರಲ್ಲಿ ಕಾಯ್ದೆಗೆ ತಿದ್ದುಪಡಿ ಆಯಿತು. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಮೊದಲು ಆರು ಪಟ್ಟಿ ಇದ್ದವು, ಈಗ ನಾಲ್ಕು. ನಮ್ಮ ಊರಿನ ಬೇಟೆ ಹಕ್ಕಿಗಳೆಲ್ಲ ಒಂದನೇ ಅಥವಾ ಎರಡನೇ ಪಟ್ಟಿಯಲ್ಲಿ ಬರುತ್ತವೆ. ಈ ಎರಡೂ ಪಟ್ಟಿಯ ಪ್ರಾಣಿ-ಪಕ್ಷಿಗಳ ಬೇಟೆಗೆ 9ನೇ ಕಲಂ ಪ್ರಕಾರ ನಿಷೇಧ. ಬೇಟೆ ಅಂದರೆ ಕೊಲ್ಲುವುದು ಮಾತ್ರ ಅಂತ ಜನ ಅಂದುಕೊಂಡಿದ್ದಾರೆ. ಕಾಯ್ದೆಯಲ್ಲಿ ಹಿಡಿಯುವುದು, ಬಲೆ ಹಾಕುವುದು, ಹಕ್ಕಿಯ ಮೊಟ್ಟೆಗೆ, ಗೂಡಿಗೆ ತೊಂದರೆ ಕೊಡುವುದು ಎಲ್ಲ ಬೇಟೆಯೇ. ಒಂದನೇ ಪಟ್ಟಿಯ ವಿಷಯವಾದರೆ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಜೈಲು. ದಂಡ 25 ಸಾವಿರಕ್ಕೆ ಕಡಿಮೆ ಇಲ್ಲ.

ಇನ್ನೊಂದು ಮಾತು, ಇದು ಆ ಹುಡುಗನಿಗೆ ನೇರವಾಗಿ ಸಂಬಂಧಿಸಿದ್ದು. 39ನೇ ಕಲಂ ಪ್ರಕಾರ ಹೀಗೆ ಸಿಕ್ಕಿದ ಕಾಡುಪ್ರಾಣಿ ಸರ್ಕಾರದ ಆಸ್ತಿ. ಯಾರ ಕೈಗೆ ಹೇಗೇ ಬರಲಿ, 48 ಗಂಟೆಯೊಳಗೆ ಹತ್ತಿರದ ಪೊಲೀಸ್ ಠಾಣೆಗೋ ಅರಣ್ಯ ಅಧಿಕಾರಿಗೋ ತಿಳಿಸಬೇಕು, ಕೇಳಿದರೆ ಒಪ್ಪಿಸಬೇಕು. ಮರಿಯನ್ನು ಎತ್ತಿ ಉಳಿಸಿದ್ದು ತಪ್ಪಲ್ಲ. ತಿಳಿಸದೆ ಇಟ್ಟುಕೊಂಡಿದ್ದು ತಪ್ಪು.

ಈಗ ವಿರಾಜಪೇಟೆಯ ತಮ್ಮನಿಗೆ. ಕೋವಿ ವಿನಾಯಿತಿ ನಮ್ಮ ಹೆಮ್ಮೆ, ಒಪ್ಪಿದೆ. ಆದರೆ ಅದು ಶಸ್ತ್ರಾಸ್ತ್ರ ಕಾಯ್ದೆಯ ವಿನಾಯಿತಿ. ಕೋವಿ ಮನೆಯಲ್ಲಿ ಇಡಬಹುದು, ಅದರಿಂದ ಕಾಡುಹಂದಿ ಹೊಡೆಯುವ ಹಕ್ಕು ಬರಲಿಲ್ಲ. ಅದಕ್ಕೇ ಅಲ್ವಾ ಆಯುಧ ಪೂಜೆ ಮಾಡುವ ಕೈಲ್ ಮುಹೂರ್ತ ಹಬ್ಬದಲ್ಲಿ ನಾವು ತೆಂಗಿನಕಾಯಿಗೆ ಗುರಿ ಇಡುವುದು? ಗಿಡುಗ ಪಳಗಿಸುವುದೇ ಬೇಟೆಗೆ. ಅದು ಹಿಡಿಯುವ ಕಾಡುಕೋಳಿ, ಹಸಿರು ಪಾರಿವಾಳ, ಮೊಲ ಎಲ್ಲವೂ ಕಾಯ್ದೆಯ ಪಟ್ಟಿಯಲ್ಲೇ ಇವೆ. ಹಕ್ಕಿಯನ್ನು ಇಟ್ಟುಕೊಳ್ಳುವುದೂ ಅಪರಾಧ, ಅದರಿಂದ ಹಿಡಿಸುವುದೂ ಅಪರಾಧ.

ಸಂಶೋಧನೆ, ಶಿಕ್ಷಣದಂಥ ಕೆಲಸಕ್ಕೆ ಮುಖ್ಯ ವನ್ಯಜೀವಿ ಪರಿಪಾಲಕರು ಅನುಮತಿ ಕೊಡಬಹುದು. ಒಂದನೇ ಪಟ್ಟಿಯದಾದರೆ ಕೇಂದ್ರದ ಒಪ್ಪಿಗೆಯೂ ಬೇಕು. ಹವ್ಯಾಸಕ್ಕೆ ಅಂತ ಆ ದಾರಿ ಇಲ್ಲ.

ಐನ್‌ಮನೆ_ಹುಡುಗ

ಅಣ್ಣ, ಕಾನೂನು ಹಾಗಿದೆ ಅಂತ ಒಪ್ಪುತ್ತೇನೆ. ಕಾನೂನು ಹೀಗೇ ಇರಬೇಕಾ ಅನ್ನುವುದು ನನ್ನ ಪ್ರಶ್ನೆ. ಬೇರೆ ದೇಶದಲ್ಲಿ ಹೇಗೆ ಬಿಡುತ್ತಾರೆ?

ದೂರದಲ್ಲಿರುವವ (ಊರು ಪೊನ್ನಂಪೇಟೆ, ಈಗ ಅಮೆರಿಕ)

ನಾನಿರುವ ಬೀದಿಯಲ್ಲೇ ಒಬ್ಬರು ಗಿಡುಗ ಸಾಕಿದ್ದಾರೆ. ಹಾಗಾಗಿ ಹತ್ತಿರದಿಂದ ನೋಡಿದ್ದೇನೆ.

ಇಲ್ಲಿ 50 ರಾಜ್ಯಗಳಲ್ಲಿ ಹವಾಯಿ ಒಂದನ್ನು ಬಿಟ್ಟು ಎಲ್ಲ ಕಡೆ ಅವಕಾಶ ಇದೆ. ಆದರೆ ದುಡ್ಡು ಕೊಟ್ಟು ಅಂಗಡಿಯಿಂದ ತರುವ ವಿಷಯ ಅಲ್ಲ. ಮೊದಲು ಶಿಷ್ಯನಾಗಿ ಸೇರಬೇಕು. ಅನುಭವ ಇರುವ ಒಬ್ಬರು ಇವನಿಗೆ ನಾನು ಕಲಿಸುತ್ತೇನೆ ಅಂತ ಬರೆದುಕೊಡಬೇಕು. ಲಿಖಿತ ಪರೀಕ್ಷೆಯಲ್ಲಿ ನೂರಕ್ಕೆ 80 ಬರಲೇಬೇಕು. ಹಕ್ಕಿ ಬರುವ ಮೊದಲೇ ಅದರ ಗೂಡು, ತೂಕದ ಯಂತ್ರ, ಸ್ನಾನದ ತಟ್ಟೆ, ಕಾಲಿನ ಚರ್ಮದ ಪಟ್ಟಿ ಎಲ್ಲವನ್ನೂ ಅಧಿಕಾರಿಗಳು ಬಂದು ನೋಡುತ್ತಾರೆ. ಶಿಷ್ಯನಾಗಿ ಕನಿಷ್ಠ ಎರಡು ವರ್ಷ. ಅದಾದ ಮೇಲೆ ಮುಂದಿನ ಹಂತ.

ಇಷ್ಟೆಲ್ಲ ಆದರೂ ಊರಿನ ನಗರಸಭೆ ಬೇಡ ಅಂದರೆ ಮುಗಿಯಿತು. ರಾಜ್ಯದ ಪರವಾನಗಿ ಬೇರೆ, ಬಡಾವಣೆಯ ಭೂಬಳಕೆ ನಿಯಮ ಬೇರೆ. ಮನೆಗಳು ಒತ್ತೊತ್ತಾಗಿರುವ ಕಡೆ ಕಾಡುಪ್ರಾಣಿ ಇಡುವಂತಿಲ್ಲ ಅಂತ ಕೆಲವು ನಗರಗಳಲ್ಲಿ ಇದೆ. ಕೆಲವು ಕಡೆ ಪರವಾನಗಿ ಇರುವವರಿಗೆ ವಿನಾಯಿತಿ. ಹೊಳೆಬದಿ ಅಕ್ಕ ಕೇಳಿದ ದೂರ, ಗೂಡಿನ ಅಳತೆಯ ನಿಯಮ ಆ ಎರಡನೇ ಹಂತದ್ದು. ನಮ್ಮಲ್ಲಿ ಮೊದಲನೇ ಹಂತವೇ ಇಲ್ಲ. ಹಾಗಾಗಿ ಇಲ್ಲಿಯ ನಿಯಮ ಅಲ್ಲಿಗೆ ಎತ್ತಿಕೊಂಡು ಹೋದರೆ ಕೆಲಸಕ್ಕೆ ಬರುವುದಿಲ್ಲ.

ನಮ್ಮ ಬೀದಿಯವರು ಬೇಟೆ ಋತುವಿನಲ್ಲಿ ದಿನವೂ ಹಕ್ಕಿಯನ್ನು ತೂಗಿ ಪುಸ್ತಕದಲ್ಲಿ ಬರೆದಿಡುತ್ತಾರೆ. ಗ್ರಾಂ ಲೆಕ್ಕ. ಹಸಿವು ಸರಿಯಾಗಿದ್ದರೆ ಮಾತ್ರ ಅದು ಕೈಗೆ ವಾಪಸ್ ಬರುವುದು. ಜಾಸ್ತಿ ತಿಂದಿದ್ದರೆ ಹಾರಿ ಹೋಗುತ್ತದೆ. ಕಡಿಮೆಯಾದರೆ ಪ್ರಾಣಕ್ಕೇ ಅಪಾಯ. ಅವರದ್ದು ಕಿಲೋ ತೂಗುವ ದೊಡ್ಡ ಹಕ್ಕಿ. ಶಿಕ್ರಾ ಅಂದರೆ ಇನ್ನೂರು ಗ್ರಾಂ ಆಸುಪಾಸು ಅಲ್ವಾ? ಅದರಲ್ಲಿ ಎಡವಲು ಜಾಗವೇ ಇಲ್ಲ.

ಮರಳುಗಾಡು (ಊರು ನಾಪೋಕ್ಲು, ಈಗ ದುಬೈ)

ಇಲ್ಲಿಯ ವಿಡಿಯೋ ನೋಡಿ ಹುಡುಗರು ಮರುಳಾಗುತ್ತಾರೆ ಅಂತ ಕೇಳಿದೆ, ಅದಕ್ಕೇ ಬರೆಯುತ್ತಿದ್ದೇನೆ. ವಿಡಿಯೋದಲ್ಲಿ ಕಾಣುವುದು ಕೈಮೇಲಿನ ಹಕ್ಕಿ ಮಾತ್ರ. ಅದರ ಹಿಂದೆ ಇರುವ ವ್ಯವಸ್ಥೆ ಕಾಣುವುದಿಲ್ಲ. ಅಬುಧಾಬಿಯಲ್ಲಿ ಈ ಹಕ್ಕಿಗಳಿಗೇ ಅಂತ ಆಸ್ಪತ್ರೆ ಇದೆ, 1999ರಿಂದ. ಮುರಿದ ಗರಿಗೆ ಬೇರೆ ಗರಿ ಜೋಡಿಸುತ್ತಾರೆ, ಉಗುರು, ಕೊಕ್ಕು ಸರಿ ಮಾಡುತ್ತಾರೆ. ಹಕ್ಕಿಗೂ ಪಾಸ್‌ಪೋರ್ಟ್ ಇದೆ. ಅದಿಲ್ಲದೆ ಗಡಿ ದಾಟುವಂತಿಲ್ಲ. ಹೆಚ್ಚಿನವು ಫಾರಂನಲ್ಲೇ ಹುಟ್ಟಿ ಬೆಳೆದವು.

ಯುನೆಸ್ಕೊ ಪಟ್ಟಿ ಬಗ್ಗೆ ಮೇಲೆ ಬರೆದಿದ್ದಾರೆ. 2010ರಲ್ಲಿ 11 ದೇಶ, 2021ರ ಹೊತ್ತಿಗೆ 24 ಆಯಿತು. ಪಾಕಿಸ್ತಾನ ಇದೆ, ಭಾರತ ಅದರಲ್ಲಿ ಇಲ್ಲ. ಪಟ್ಟಿಯಲ್ಲಿ ಇದ್ದ ಮಾತ್ರಕ್ಕೆ ಯಾವ ದೇಶದ ಕಾನೂನೂ ಬದಲಾಗುವುದಿಲ್ಲ.

ಗೋಣಿಕೊಪ್ಪದ_ಪಶುವೈದ್ಯೆ

ಕಾನೂನು ವಿಷಯ ಬಂದಾಯಿತು. ಆ ಮರಿಯ ವಿಷಯ ನಾನು ಹೇಳುತ್ತೇನೆ. ಅಕ್ಕ, ಇದನ್ನು ಬೇಗ ಓದಿ.

ಅದಕ್ಕೆ ಹಾಕುತ್ತಿರುವುದು ಕೋಳಿ ಚರ್ಮ, ಕರುಳು ಅಂದಿರಿ. ಗೂಡಿನಲ್ಲಿದ್ದಿದ್ದರೆ ತಾಯಿ ಓತಿಕ್ಯಾತ, ಇಲಿಮರಿ, ಸಣ್ಣ ಹಕ್ಕಿ ತಂದು ಹರಿದು ತಿನ್ನಿಸುತ್ತಿತ್ತು. ಮೂಳೆ, ಗರಿ, ಕೂದಲು ಎಲ್ಲ ಸೇರಿ ಹೊಟ್ಟೆಗೆ ಹೋಗುತ್ತಿತ್ತು. ಮೂಳೆಯಿಂದಲೇ ಸುಣ್ಣದ ಅಂಶ ಸಿಗುವುದು. ಬರೀ ಮೆತ್ತನೆ ಮಾಂಸ ತಿಂದು ಬೆಳೆದ ಮರಿಯ ಕಾಲು ಬಾಗುತ್ತದೆ, ರೆಕ್ಕೆ ಮೂಳೆ ಹಸಿ ಕಡ್ಡಿಯ ಹಾಗೆ ಬಳುಕುತ್ತದೆ. ಹೊರಗಿನಿಂದ ಗರಿ ಚೆಂದ ಕಾಣುತ್ತದೆ, ಒಳಗೆ ಏನೂ ಗಟ್ಟಿ ಇರುವುದಿಲ್ಲ. ಒಂದು ಸಲ ದಾರ ಜಗ್ಗಿದರೆ ತೊಡೆ ಮೂಳೆ ಮುರಿಯುತ್ತದೆ. ನೈಲಾನ್ ದಾರವಂತೂ ಚರ್ಮ ಕೊಯ್ದು ಒಳಗೆ ಇಳಿಯುತ್ತದೆ. ಮೊದಲು ಅದನ್ನು ಬಿಚ್ಚಲಿ. ಬಿಚ್ಚಿ ಗಾಳಿಯಾಡುವ ರಟ್ಟಿನ ಪೆಟ್ಟಿಗೆಯಲ್ಲಿ, ಕೆಳಗೆ ಹಳೆ ಟವೆಲ್ ಹಾಸಿ, ಕತ್ತಲೆ ಕೋಣೆಯಲ್ಲಿ ಇಡಲಿ. ನೀರು ಬಾಯಿಗೆ ಹುಯ್ಯಬಾರದು, ಶ್ವಾಸಕೋಶಕ್ಕೆ ಹೋಗುತ್ತದೆ. ಹಾಲು, ಅನ್ನ, ಬ್ರೆಡ್ ಯಾವುದೂ ಬೇಡ.

ಹಕ್ಕಿಯ ರೆಕ್ಕೆ ಬಿಡಿಸಿ ಬೆಳಕಿಗೆ ಹಿಡಿದರೆ ಕೆಲವೊಮ್ಮೆ ಗರಿಗಳಿಗೆ ಅಡ್ಡವಾಗಿ ಒಂದೇ ಸಾಲಿನಲ್ಲಿ ತೆಳ್ಳಗಿನ ಗೆರೆ ಕಾಣುತ್ತದೆ. ಆ ಗರಿ ಬೆಳೆಯುವ ಹೊತ್ತಿಗೆ ಹಸಿವೋ ಹೆದರಿಕೆಯೋ ಆಗಿತ್ತು ಅಂತ ಅರ್ಥ. ಗರಿ ಮುಂದೆ ಮುರಿಯುವುದು ಅಲ್ಲೇ. ಮನೆಯಲ್ಲಿ ಸಾಕಿದ ಮರಿಗಳಲ್ಲಿ ಈ ಗೆರೆ ನಾನು ಎಷ್ಟೋ ಸಲ ನೋಡಿದ್ದೇನೆ. ತಂದವರೆಲ್ಲ ಪ್ರೀತಿಯಿಂದಲೇ ಸಾಕಿದವರು.

ಒರಟು ಕ್ರೇಟಿನ ಮೇಲೆ ದಿನವಿಡೀ ಕೂತರೆ ಪಾದದ ಅಡಿ ಒಡೆದು ಕೀವಾಗುತ್ತದೆ. ಅದು ವಾಸಿಯಾಗುವುದು ತುಂಬ ಕಷ್ಟ.

ಇನ್ನೊಂದು ಸಂಗತಿ ಜನಕ್ಕೆ ಅರ್ಥ ಮಾಡಿಸುವುದು ಕಷ್ಟ. ಕಣ್ಣು ಬಿಟ್ಟಾಗಿನಿಂದ ಮನುಷ್ಯರನ್ನೇ ನೋಡಿದ ಮರಿ ತಾನು ಮನುಷ್ಯರ ಪೈಕಿ ಅಂತಲೇ ತಿಳಿಯುತ್ತದೆ. ಜನ ಕಂಡ ಕೂಡಲೇ ಊಟಕ್ಕೆ ಕಿರುಚುತ್ತದೆ. ದೊಡ್ಡದಾದ ಮೇಲೆ ಮುಖಕ್ಕೇ ಎರಗಬಹುದು. ಅಂಥದ್ದನ್ನು ಸೀದಾ ತೋಟಕ್ಕೆ ಬಿಟ್ಟರೆ ಅದು ತೋಟದ ಆಳುಗಳ ಲೈನ್‌ಮನೆ ಮುಂದೆ ಹೋಗಿ ಕೂರುತ್ತದೆ, ಯಾರೋ ಕಲ್ಲು ಹೊಡೆಯುತ್ತಾರೆ. ಹಾಗಾಗಿ ಕಾನೂನಿಗೆ ಹೆದರಿ ರಾತ್ರೋರಾತ್ರಿ ಹಾರಿಸಿ ಬಿಡುವುದೂ ಸರಿಯಲ್ಲ. ಬೇಟೆ ಕಲಿಯದ ಹಕ್ಕಿ ಕೆಲವೇ ದಿನ ಬದುಕುತ್ತದೆ. ಪುನರ್ವಸತಿ ಕೇಂದ್ರದವರು ಅದೇ ಜಾತಿಯ ಬೇರೆ ಹಕ್ಕಿಗಳ ಜೊತೆ ಇಟ್ಟು, ದೊಡ್ಡ ಪಂಜರದಲ್ಲಿ ಹಾರಿಸಿ, ತಾನೇ ಹಿಡಿದು ತಿನ್ನುವುದು ಕಲಿತ ಮೇಲೆ ಬಿಡುತ್ತಾರೆ. ನಮ್ಮ ಹತ್ತಿರಕ್ಕೆ ಮೈಸೂರಿದೆ. ಕೂರ್ಗಳ್ಳಿಯಲ್ಲಿ ಮೃಗಾಲಯದವರ ಪುನರ್ವಸತಿ ಕೇಂದ್ರ ಇದೆ. ಎಲ್ಲಿಗೆ ಕಳಿಸಬೇಕು ಅನ್ನುವುದನ್ನು ಅರಣ್ಯ ಇಲಾಖೆಯವರು ತೀರ್ಮಾನ ಮಾಡುತ್ತಾರೆ. ಸಹಾಯವಾಣಿ 1926.

ಹೊಳೆಬದಿ

ಡಾಕ್ಟ್ರೇ, ಓದಿ ಕೈ ನಡುಗಿತು. ಅದರ ಎಡಗಾಲು ಸ್ವಲ್ಪ ಸೊಟ್ಟ ಇದೆ. ಹುಟ್ಟಿದಾಗಿನಿಂದಲೇ ಹಾಗೆ ಅಂದುಕೊಂಡಿದ್ದೆವು. ಇವತ್ತೇ ಅವನ ಅಮ್ಮನ ಹತ್ತಿರ ಮಾತಾಡುತ್ತೇನೆ.

ಮಂಜಿನಮನೆ

ಅಮ್ಮನಿಗೆ ಹೇಳುವ ಮೊದಲು ಹುಡುಗನ ಹತ್ತಿರವೇ ಮಾತಾಡಿ ಅಕ್ಕ. ಹಕ್ಕಿ ಮೇಲೆ ಅಷ್ಟು ಪ್ರೀತಿ ಇದ್ದವನಿಗೆ ಕಾಲು ಬಾಗಿದ ವಿಷಯ ಹೇಳಿದರೆ ಸಾಕು. ಜೈಲು, ಕೇಸು ಅಂತ ಶುರು ಮಾಡಿದರೆ ಹೆದರಿ ಬಚ್ಚಿಡುತ್ತಾನೆ.

ತೋಟದ_ಅತಿಥಿ (ಮಡಿಕೇರಿ ಬಳಿ ಹೋಂಸ್ಟೇ)

ಇದೇ ವಿಷಯದಲ್ಲಿ ನನ್ನದೊಂದು ಪ್ರಶ್ನೆ. ನಮ್ಮ ಹೋಂಸ್ಟೇ ಮಾಡಿನ ಸಂದಿಯಲ್ಲಿ ಪಾರಿವಾಳ ತುಂಬಿವೆ. ಹಿಂದೆ ಹಣ್ಣಿನ ಗಿಡಕ್ಕೆ ಗಿಳಿ ಕಾಟ. ವಿದೇಶಿ ಗಿಡುಗ ತಂದುಕೊಡುತ್ತೇನೆ, ಕಾಗದಪತ್ರ ಎಲ್ಲ ಸರಿ ಇದೆ, ಪಾರಿವಾಳವೂ ಓಡುತ್ತವೆ, ಅತಿಥಿಗಳು ಫೋಟೋನೂ ತೆಗೆಸಿಕೊಳ್ಳುತ್ತಾರೆ ಅಂತ ಒಬ್ಬರು ಬೆಂಗಳೂರಿನಿಂದ ಫೋನ್ ಮಾಡಿದ್ದರು. ಹ್ಯಾರಿಸ್ ಹಾಕ್ ಅಂತ ಹೆಸರು. ನಮ್ಮ ದೇಶದ್ದಲ್ಲದ ಹಕ್ಕಿಗೆ ನಮ್ಮ ಕಾಯ್ದೆ ಬರುವುದಿಲ್ಲ ಅಂದರು. ನಿಜವಾ?

ಹಳೆ_ಫಾರೆಸ್ಟರ್

ನಿಜ ಅಲ್ಲ. 2022ರ ತಿದ್ದುಪಡಿಯಲ್ಲಿ ಸೇರಿಸಿದ ನಾಲ್ಕನೇ ಪಟ್ಟಿಯೇ ಅದಕ್ಕೆ ಇರುವುದು. ಅಂತರರಾಷ್ಟ್ರೀಯ ವ್ಯಾಪಾರ ಒಪ್ಪಂದ, ಅಂದರೆ ಸೈಟಿಸ್, ಅದರಲ್ಲಿರುವ ವಿದೇಶಿ ಜೀವಿಗಳು ಅಲ್ಲಿ ಬರುತ್ತವೆ. ಹ್ಯಾರಿಸ್ ಹಾಕ್ ಕೂಡ ಸೈಟಿಸ್‌ನಲ್ಲಿದೆ. ಅಂಥ ಜೀವಿ ಯಾರ ಹತ್ತಿರ ಇದ್ದರೂ ನೋಂದಣಿ ಮಾಡಿಸಬೇಕು. 2024ರ ಫೆಬ್ರವರಿಯಲ್ಲಿ ಅದಕ್ಕೆ ಪ್ರತ್ಯೇಕ ನಿಯಮ ಬಂತು, ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್ ಮೂಲಕ ಅರ್ಜಿ. ಆಮದು ಪರವಾನಗಿ ಇಲ್ಲದೆ ಬಂದ ಹಕ್ಕಿಗೆ ನೋಂದಣಿ ಕೇಳಲು ಹೋದರೆ ಮೊದಲ ಪ್ರಶ್ನೆಯೇ ಇದು ಎಲ್ಲಿಂದ ಬಂತು ಅಂತ. ಮಾರುವವನು ದುಡ್ಡು ತೆಗೆದುಕೊಂಡು ಹೋಗಿರುತ್ತಾನೆ, ಉತ್ತರ ಹೇಳಬೇಕಾದವರು ನೀವು.

ಪೆರೆಗ್ರಿನ್ ಅನ್ನುವ ಬೇಟೆ ಹಕ್ಕಿ ಕೊಡುತ್ತೇನೆ ಅಂತ ಯಾರಾದರೂ ಬಂದರೆ ಅದು ಇನ್ನೂ ಕೆಟ್ಟದ್ದು. ಅದು ನಮ್ಮ ಒಂದನೇ ಪಟ್ಟಿಯ ಹಕ್ಕಿ. ವಿದೇಶದ ಫಾರಂನಲ್ಲಿ ಹುಟ್ಟಿದ್ದು ಅಂತ ಹೇಳಿ ಇಲ್ಲಿಯ ಬಂಡೆಯಿಂದ ತೆಗೆದ ಮರಿಯನ್ನೇ ಮಾರುವುದು ಸುಲಭ, ಅಲ್ವಾ? ಖಾಸಗಿಯವರಿಗೆ ಬಾಗಿಲು ತೆಗೆಯಬಾರದು ಅನ್ನುವುದಕ್ಕೆ ನನಗೆ ಕಾಣುವ ದೊಡ್ಡ ಕಾರಣವೇ ಇದು. ವಿರಾಜಪೇಟೆಯ ತಮ್ಮ ಕೇಳಿದ್ದಕ್ಕೂ ಇದೇ ಉತ್ತರ. ಗೂಡಿನಿಂದ ಕದ್ದ ಮರಿಗೂ ಫಾರಂ ಮರಿಗೂ ವ್ಯತ್ಯಾಸ ಕಂಡುಹಿಡಿಯುವ ವ್ಯವಸ್ಥೆ ಊರೂರಲ್ಲಿ ಇರಬೇಕು. ಅದಿಲ್ಲದೆ ಪರವಾನಗಿ ಶುರು ಮಾಡಿದರೆ ಗೂಡುಗಳು ಖಾಲಿಯಾಗುತ್ತವೆ.

ಅತಿಥಿಗಳ ಕೈಮೇಲೆ ಗಿಡುಗ ಕೂರಿಸಿ ಫೋಟೋ ತೆಗೆಸುವ ಯೋಚನೆಯನ್ನಂತೂ ಬಿಟ್ಟುಬಿಡಿ. ಆ ಫೋಟೋವೇ ಸಾಕ್ಷಿ.

ತೋಟದ_ಅತಿಥಿ

ಬೇಡವೇ ಬೇಡ ಸರ್. ಮಾಡಿನ ಸಂದಿಗೆ ಬಲೆ ಹೊಡೆಸುತ್ತೇನೆ.

ಗದ್ದೆಬದಿ (ಶ್ರೀಮಂಗಲ)

ಬಲೆ ಬಿಗಿಯಾಗಿ ಹೊಡೆಸಿ. ಜೋಲು ಬಿದ್ದರೆ ಹಕ್ಕಿ ಸಿಕ್ಕಿ ಸಾಯುತ್ತವೆ.

ಗಿಡುಗದಿಂದ ಕೆಲಸ ತೆಗೆಯಬೇಕು ಅಂತಿದ್ದರೆ ಕಟ್ಟಿ ಹಾಕುವ ಅಗತ್ಯವೇ ಇಲ್ಲ. ನಮ್ಮ ಭತ್ತದ ಗದ್ದೆಯಲ್ಲಿ ಬಿದಿರಿನ ಕೋಲಿಗೆ ಅಡ್ಡ ಕಡ್ಡಿ ಕಟ್ಟಿ ಅಲ್ಲಲ್ಲಿ ನೆಡುತ್ತೇವೆ. ಹಗಲು ಕಾಜಾಣ, ಮಿಂಚುಳ್ಳಿ, ಒಮ್ಮೊಮ್ಮೆ ಶಿಕ್ರಾ ಬಂದು ಕೂರುತ್ತವೆ. ರಾತ್ರಿ ಗೂಬೆ. ಹುಳ, ಇಲಿ ಅವೇ ನೋಡಿಕೊಳ್ಳುತ್ತವೆ. ಯಾರ ಅನುಮತಿಯೂ ಬೇಡ. ಕೋಲು ತೆನೆಗಿಂತ ಎತ್ತರ ಇರಬೇಕು, ಅಡ್ಡಕಡ್ಡಿ ಒರಟಾಗಿರಬೇಕು, ನುಣುಪಾದ ಪೈಪಿನ ಮೇಲೆ ಕಾಲು ನಿಲ್ಲುವುದಿಲ್ಲ. ತೆನೆ ಹಾಲುಗಟ್ಟುವ ಹೊತ್ತಿಗೆ ಕೋಲು ಕಿತ್ತುಬಿಡಬೇಕು, ಇಲ್ಲದಿದ್ದರೆ ಕಾಳು ತಿನ್ನುವ ಹಕ್ಕಿಗಳೂ ಅಲ್ಲೇ ಕೂರುತ್ತವೆ.

ಆದರೆ ಅದರ ಜೊತೆ ಇಲಿ ಪಾಷಾಣ ಇಡಬಾರದು. ವಿಷ ತಿಂದ ಇಲಿ ಕೂಡಲೇ ಸಾಯುವುದಿಲ್ಲ, ಮಂಕಾಗಿ ಬಯಲಿಗೆ ಬರುತ್ತದೆ. ಗೂಬೆ, ಗಿಡುಗ ಸುಲಭವಾಗಿ ಹಿಡಿಯುವುದು ಅಂಥದ್ದನ್ನೇ.

ಐನ್‌ಮನೆ_ಹುಡುಗ

ಎಲ್ಲ ಓದಿದೆ. ಡಾಕ್ಟರ್ ಬರೆದದ್ದಕ್ಕೆ ನನ್ನಲ್ಲಿ ಉತ್ತರ ಇಲ್ಲ. ನಮ್ಮ ಮನೆಯಲ್ಲಿ ಹಿರಿಯರು ಹೇಳುವ ಬೇಟೆ ಕಥೆಗಳಲ್ಲಿ ಕೋವಿ, ನಾಯಿ, ಕಾಡುಹಂದಿ ಇವೆ. ಗಿಡುಗ ಪಳಗಿಸಿದ ಕಥೆ ನಾನು ಕೇಳಿಲ್ಲ. ಅಜ್ಜನನ್ನು ಕೇಳಿದೆ, ಅವರೂ ಕೇಳಿಲ್ಲವಂತೆ. ಹಾಗಾಗಿ ಇದನ್ನು ಕೊಡಗಿನ ಪರಂಪರೆ ಅಂತ ನಾನು ವಾದ ಮಾಡುವುದಿಲ್ಲ.

ಆದರೆ ಒಂದು ಮಾತು ಹೇಳಲೇಬೇಕು. ತೋಟದವರು ಹಕ್ಕಿ ಮರಿ ಸಿಕ್ಕಿದರೆ ಯಾಕೆ ತಿಳಿಸುವುದಿಲ್ಲ ಗೊತ್ತಾ? ಹೆದರಿಕೆ. ಫೋನ್ ಮಾಡಿದವನನ್ನೇ ಗೂಡು ಯಾಕೆ ಬೀಳಿಸಿದೆ ಅಂತ ಕೇಳಿದರೆ ಏನು ಮಾಡುವುದು? ಕಾಡಾನೆ ಕಾಟದಲ್ಲಿ ಬೇಸತ್ತಿರುವ ಜನಕ್ಕೆ ಇನ್ನೊಂದು ತಲೆನೋವು ಬೇಡ ಅನ್ನಿಸುತ್ತದೆ. ಆ ಹೆದರಿಕೆ ಹೋಗದೆ ಮರಿಗಳು ತಾರಸಿ ಮೇಲೆ ಬೆಳೆಯುವುದು ನಿಲ್ಲುವುದಿಲ್ಲ. ಅದಕ್ಕೊಂದು ದಾರಿ ಹೇಳಿ ಅಣ್ಣ.

ಹಳೆ_ಫಾರೆಸ್ಟರ್

ನೀನು ಹೇಳಿದ್ದು ನೂರಕ್ಕೆ ನೂರು ಸರಿ ತಮ್ಮ. ಆ ಹೆದರಿಕೆ ನಿಜ.

ನಾನು ಕಂಡ ಹಾಗೆ, ಸಿಕ್ಕಿದ ದಿನವೇ ಫೋನ್ ಮಾಡಿದವರಿಗೆ ತೊಂದರೆ ಆಗುವುದು ತೀರಾ ಅಪರೂಪ. 48 ಗಂಟೆಯ ಅವಕಾಶ ಇರುವುದೇ ಒಳ್ಳೆ ಮನಸ್ಸಿನಿಂದ ಎತ್ತಿಕೊಂಡವರಿಗಾಗಿ. 1926ಕ್ಕೆ ಕರೆ ಮಾಡಿ, ಯಾವ ಹೊತ್ತಿಗೆ ಮಾಡಿದ್ದು ಅಂತ ಬರೆದಿಟ್ಟುಕೊಳ್ಳಿ. ಬಿದ್ದ ಗೂಡಿನದ್ದು, ಮರಿಯದ್ದು ಒಂದು ಫೋಟೋ ತೆಗೆಯಿರಿ. ಊರಿನ ಪಶುವೈದ್ಯರಿಗೂ ತಿಳಿಸಿ. ಒಪ್ಪಿಸುವಾಗ ಸ್ವೀಕೃತಿ ಬರೆಸಿಕೊಳ್ಳಿ. ಇಷ್ಟು ಇದ್ದರೆ ನಿಮ್ಮ ಕಡೆ ಎಲ್ಲ ಸರಿ ಇದೆ ಅಂತ ತೋರಿಸಬಹುದು. ಒಬ್ಬರೇ ಹೋಗಲು ಹಿಂಜರಿಕೆ ಆದರೆ ಪಂಚಾಯಿತಿ ಸದಸ್ಯರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ.

ತಿಂಗಳುಗಟ್ಟಲೆ ಇಟ್ಟುಕೊಂಡು, ವಿಡಿಯೋ ಹಾಕಿ, ಆಮೇಲೆ ಯಾರೋ ದೂರು ಕೊಟ್ಟು ಸಿಕ್ಕಿಬಿದ್ದರೆ ಆಗ ಯಾರೂ ಏನೂ ಮಾಡಲಾಗುವುದಿಲ್ಲ. ಹೊಳೆಬದಿ ತಂಗಿ, ಆ ಹುಡುಗನ ವಿಷಯದಲ್ಲಿ 48 ಗಂಟೆ ಎಂದೋ ದಾಟಿದೆ. ಆದರೂ ತಾನಾಗಿ ತಂದು ಒಪ್ಪಿಸಿದವನಿಗೂ ಮನೆಗೆ ಬಂದು ಹಿಡಿದವನಿಗೂ ಬಹಳ ವ್ಯತ್ಯಾಸ ಇದೆ. ತಡ ಮಾಡಬೇಡಿ.

ಹೊಳೆಬದಿ

ಎಲ್ಲರಿಗೂ ತಿಳಿಸಬೇಕಾದ ವಿಷಯ. ಹುಡುಗನ ಹತ್ತಿರ ಮಾತಾಡಿದೆ. ಮಂಜಿನಮನೆಯವರು ಹೇಳಿದ ಹಾಗೆ ಕಾಲಿನ ವಿಷಯದಿಂದಲೇ ಶುರು ಮಾಡಿದೆ. ಡಾಕ್ಟರ್ ಬರೆದದ್ದನ್ನು ಮೊಬೈಲಿನಲ್ಲಿ ಅವನಿಗೇ ಓದಲು ಕೊಟ್ಟೆ. ಓದುತ್ತಾ ಓದುತ್ತಾ ಹಕ್ಕಿಯ ರೆಕ್ಕೆ ಬಿಡಿಸಿ ಬೆಳಕಿಗೆ ಹಿಡಿದ. ಗೆರೆ ಇತ್ತು. ಆಮೇಲೆ ಅವನೇ ದಾರ ಬಿಚ್ಚಿದ. ದಾರ ಇದ್ದ ಜಾಗದಲ್ಲಿ ಚರ್ಮ ಕೆಂಪಾಗಿತ್ತು, ಪುಣ್ಯಕ್ಕೆ ಒಳಗೆ ಇಳಿದಿರಲಿಲ್ಲ.

ಅವನೇ 1926ಕ್ಕೆ ಫೋನ್ ಮಾಡಿದ. ಅಪ್ಪ, ನಾನು, ನಮ್ಮ ಸಂಘದ ಅಧ್ಯಕ್ಷರು ಜೊತೆಗೆ ಹೋಗಿ ಒಪ್ಪಿಸಿದೆವು. ಎಲ್ಲಿ ಸಿಕ್ಕಿತು, ಯಾವಾಗ ಸಿಕ್ಕಿತು, ಏನು ತಿನ್ನಿಸಿದ್ದೀರಿ ಅಂತ ಕೇಳಿ ಬರೆದುಕೊಂಡರು. ಹುಡುಗ ಇದ್ದದ್ದು ಇದ್ದ ಹಾಗೆ ಹೇಳಿದ. ಬುದ್ಧಿ ಹೇಳಿ ಕಳಿಸಿದರು. ಹಕ್ಕಿಯನ್ನು ಚಿಕಿತ್ಸೆಗೆ ಮೈಸೂರಿಗೆ ಕಳಿಸುತ್ತಾರಂತೆ. ಕಾಲು ಪೂರ್ತಿ ಸರಿಹೋಗದಿದ್ದರೆ ಬಿಡುವುದು ಕಷ್ಟ ಅಂದರು. ಅದನ್ನು ಕೇಳಿ ಅವನು ಅತ್ತುಬಿಟ್ಟ.

ಭಾನುವಾರದ ಸಭೆಯಲ್ಲಿ ಗೂಡಿನ ಅಳತೆಯ ನಿಯಮ ಕೈಬಿಡಿಸಿದೆ. ಅದರ ಬದಲು, ಬಡಾವಣೆಯಲ್ಲಿ ಯಾವ ಕಾಡುಹಕ್ಕಿ, ಪ್ರಾಣಿ ಸಿಕ್ಕಿದರೂ ಅದೇ ದಿನ ತಿಳಿಸಬೇಕು, ಒಪ್ಪಿಸಲು ಹೋಗುವವರ ಜೊತೆ ಸಂಘದಿಂದ ಒಬ್ಬರು ಹೋಗಬೇಕು ಅಂತ ಬರೆದೆವು. ಸಹಾಯವಾಣಿ ಸಂಖ್ಯೆಯನ್ನು ಫಲಕದಲ್ಲಿ ಹಾಕಿದ್ದೇವೆ. ಮಾಂಸದ ತ್ಯಾಜ್ಯ ತಾರಸಿಯಲ್ಲಿ ಇಡುವಂತಿಲ್ಲ ಅನ್ನುವುದೂ ಸೇರಿತು.

ಮಂಜಿನಮನೆ

ತುಂಬ ಒಳ್ಳೆ ಕೆಲಸ ಮಾಡಿದಿರಿ ಅಕ್ಕ. ಆ ಹುಡುಗನಿಗೆ ಹೇಳಿ, ವಾರದ ಕೊನೆಯಲ್ಲಿ ನಾವು ಕೆಲವರು ಬೈನಾಕ್ಯುಲರ್ ಹಿಡಿದು ಹಕ್ಕಿ ನೋಡಲು ಹೋಗುತ್ತೇವೆ, ಅವನೂ ಬರಲಿ. ಹಾವುಗಿಡುಗ, ಜುಟ್ಟಿನ ಗಿಡುಗ, ಕಪ್ಪು ಹದ್ದು ಎಲ್ಲ ಕಾಫಿ ತೋಟದ ಮೇಲೇ ತೇಲುತ್ತಿರುತ್ತವೆ. ಶಿಕ್ರಾ ಕೂಗಿತು ಅಂತ ತಲೆ ಎತ್ತಿದರೆ ಎಷ್ಟೋ ಸಲ ಅಲ್ಲಿರುವುದು ಭೀಮರಾಜ, ಅದೇ ದನಿ ಅನುಕರಿಸಿ ಬೇರೆ ಹಕ್ಕಿಗಳನ್ನು ಬೆದರಿಸುತ್ತಿರುತ್ತದೆ. ಅವನಿಗೆ ಇಷ್ಟ ಆಗುತ್ತದೆ.

ಕಾಫಿಕಣ (ಸಿದ್ದಾಪುರ)

ಇಷ್ಟು ದಿನ ಓದುತ್ತಿದ್ದೆ, ಈಗ ಬರೆಯುತ್ತಿದ್ದೇನೆ. ಸಮಸ್ಯೆ ಶುರುವಾಗುವುದೇ ನಮ್ಮ ತೋಟದಲ್ಲಿ. ಕಾಫಿ ಹೂ ಅರಳಿಸುವ ಹೂಮಳೆ ಮುಗಿದು ಮುಂಗಾರು ಬರುವ ಮೊದಲು ಮರಗಸಿ ಮುಗಿಸಬೇಕು. ಆಳುಗಳು ಸಿಗುವುದೇ ಕಷ್ಟ, ಸಿಕ್ಕಿದಾಗ ಒಂದು ಕಡೆಯಿಂದ ಕಡಿದುಕೊಂಡು ಹೋಗುತ್ತಾರೆ. ಹಕ್ಕಿ ಗೂಡು ಕಟ್ಟುವುದೂ ಅದೇ ಹೊತ್ತಿಗೆ. ಮರಗಸಿ ಮುಂದೂಡಿದರೆ ನೆರಳು ಜಾಸ್ತಿಯಾಗಿ ಮಳೆಗಾಲದಲ್ಲಿ ಕೊಳೆರೋಗ ಬರುತ್ತದೆ. ಏನು ಮಾಡಬೇಕು? ಪೂರ್ತಿ ನಿಲ್ಲಿಸಲು ಆಗುವುದಿಲ್ಲ.

ಮಂಜಿನಮನೆ

ಪೂರ್ತಿ ನಿಲ್ಲಿಸುವುದು ಬೇಡ ಅಂಕಲ್. ಗೂಡಿರುವ ಮರ, ಅದಕ್ಕೆ ರೆಂಬೆ ತಾಗುವ ಮರಗಳು, ಇಷ್ಟನ್ನು ಬಿಟ್ಟು ಉಳಿದದ್ದು ಮಾಡಿಸಿ. ಶಿಕ್ರಾ ಮೊಟ್ಟೆ ಮರಿಯಾಗಲು ಸುಮಾರು ಮೂರು ವಾರ, ಮರಿ ಹಾರಲು ಇನ್ನೊಂದು ತಿಂಗಳು. ಅಷ್ಟರ ಮೇಲೆ ಆ ನಾಲ್ಕಾರು ಮರ ಕಡಿಸಬಹುದು.

ಗೂಡು ಹುಡುಕುವುದು ಹೀಗೆ. ಕೆಲಸಕ್ಕೆ ಮೊದಲು ಬೆಳಿಗ್ಗೆ ಒಂದು ಸುತ್ತು ಹೋಗಿ. ಮರದ ಬುಡದಲ್ಲಿ ಕಾಫಿ ಎಲೆ ಮೇಲೆ ಸುಣ್ಣ ಚೆಲ್ಲಿದ ಹಾಗೆ ಬಿಳಿ ಹಿಕ್ಕೆ, ಸಣ್ಣ ಹಕ್ಕಿಯ ಕಿತ್ತ ಗರಿ ಕಂಡರೆ ಮೇಲೆ ನೋಡಿ. ಕವಲಿನಲ್ಲಿ ಕಾಗೆ ಗೂಡಿನಂಥ ಕಡ್ಡಿ ಗೂಡು ಇರುತ್ತದೆ. ಹತ್ತಿರ ಹೋದರೆ ತಾಯಿ ಕೂಗುತ್ತಾ ತಲೆ ಮೇಲೆ ಸುತ್ತುತ್ತದೆ. ಅಂಥ ಮರಕ್ಕೆ ಕೆಂಪು ಬಟ್ಟೆ ಕಟ್ಟಿ, ಮೇಸ್ತ್ರಿಗೆ ತೋರಿಸಿಬಿಡಿ. ಮರ ಹತ್ತುವವರಿಗೂ ಒಳ್ಳೆಯದು. ಎತ್ತರದಲ್ಲಿ ಇರುವಾಗ ಗಿಡುಗ ಎರಗಿದರೆ ಕೈತಪ್ಪುತ್ತದೆ.

ಕಾಫಿಕಣ

ಕೆಂಪು ಬಟ್ಟೆ ಕಟ್ಟುವುದು ಸುಲಭ. ಮೇಸ್ತ್ರಿಗೆ ಇವತ್ತೇ ಹೇಳುತ್ತೇನೆ. ನಮ್ಮ ಮೇಲಿನ ತೋಟದ ಹಲಸಿನ ಮರದಲ್ಲಿ ವರ್ಷವೂ ಒಂದು ಜೋಡಿ ಕೂಗುತ್ತಿರುತ್ತದೆ, ಮೊದಲು ಅಲ್ಲಿಗೇ ಹೋಗಿ ನೋಡುತ್ತೇನೆ.

ಗೋಣಿಕೊಪ್ಪದ_ಪಶುವೈದ್ಯೆ

ಅಂಕಲ್, ಹಾಗೂ ಒಂದು ಮರಿ ಕೆಳಗೆ ಬಿದ್ದು ಗಾಯ ಇಲ್ಲದಿದ್ದರೆ ಮನೆಗೆ ತರಬೇಡಿ. ಬುಟ್ಟಿಗೆ ಒಣ ಕಡ್ಡಿ ಹಾಕಿ, ನೀರು ಇಳಿದು ಹೋಗಲು ಅಡಿಯಲ್ಲಿ ತೂತು ಇರಲಿ, ಅದೇ ಮರಕ್ಕೋ ಪಕ್ಕದ ಮರಕ್ಕೋ ಕಟ್ಟಿ ಮರಿ ಇಟ್ಟು ದೂರ ಬಂದುಬಿಡಿ. ಮನುಷ್ಯರು ಮುಟ್ಟಿದ ಮರಿಯನ್ನು ತಾಯಿ ಸೇರಿಸುವುದಿಲ್ಲ ಅನ್ನುವುದು ಸುಳ್ಳು. ಕೂಗು ಕೇಳಿದರೆ ಬರುತ್ತದೆ. ಸಂಜೆಯವರೆಗೂ ಬಾರದಿದ್ದರೆ, ಅಥವಾ ರಕ್ತ ಕಂಡರೆ, ರೆಕ್ಕೆ ಜೋಲು ಬಿದ್ದಿದ್ದರೆ 1926ಕ್ಕೆ ಮಾಡಿ. ಬುಟ್ಟಿ ಕಟ್ಟಿದರೂ ಒಂದು ಮಾತು ತಿಳಿಸಿಡಿ.